ಕೇಳುವವರ ಭಾಷೆಗೆ ನಡೆದು ಹೋಗೋಣ



2022ರ ಫೆಬ್ರವರಿ 24ರಂದು ವಿಶ್ವಗುರು ಫ್ರಾನ್ಸಿಸ್‌ರವರು ಉತ್ತರ ಹಾಗೂ ದಕ್ಷಿಣ ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೊಡನೆ ಆನ್‌ಲೈನ್‌ನಲ್ಲಿ ಮಾತುಕತೆ ನಡೆಸಿದರು. ಷಿಕಾಗೋದ ಲೊಯೋಲಾ ವಿಶ್ವವಿದ್ಯಾಲಯ ಅದನ್ನು ಏರ್ಪಡಿಸಿತ್ತು. ವಿದ್ಯಾರ್ಥಿಗಳು ಮೊದಲೇ ಗುಂಪುಗಳಾಗಿ ಕೂಡಿ, ವಲಸಿಗರ ಬದುಕಿನ ಬಗ್ಗೆ ಚರ್ಚಿಸಿ ಬಂದಿದ್ದರು. ಮರುವರ್ಷ ಸೆಪ್ಟೆಂಬರ್ 26ರಂದು ಇಂಥದೇ ಭೇಟಿಯಲ್ಲಿ ಭಾರತ, ಪಾಕಿಸ್ತಾನ, ನೇಪಾಳದ ವಿದ್ಯಾರ್ಥಿಗಳು ಸೇರಿದರು. ವೀಸಾ ಸುಲಭವಾಗಿ ಸಿಗದ ದೇಶಗಳ ಮಕ್ಕಳು ಒಂದೇ ಪರದೆಯಲ್ಲಿ ಮುಖ ನೋಡಿಕೊಂಡರು.

ಇಂಥ ಕೂಟಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ಸಣ್ಣ ತೊಂದರೆ. ಇಂಗ್ಲಿಷ್ ಸಲೀಸಾಗಿ ಬರುವ ನಾಲ್ವರು ಮಾತನಾಡುತ್ತಾರೆ, ಉಳಿದವರು ಮೈಕ್ ಮುಚ್ಚಿ ಕೂರುತ್ತಾರೆ, ಅವರಿಗೆ ಹೇಳುವುದೇನೂ ಇಲ್ಲವೆಂದು ಎಲ್ಲರೂ ತಿಳಿಯುತ್ತಾರೆ. ಅದೇ ದೊಡ್ಡ ತೊಂದರೆ. ಬೇರೆ ಭಾಷೆಗಳ ನಡುವೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಪಂಚಾಶತ್ತಮ ದಿನ ಜೆರುಸಲೇಮಿನಲ್ಲಿ ನೆರೆದಿದ್ದ ಪಾರ್ಥಿಯರಿಗೆ, ಮೇದ್ಯರಿಗೆ, ಏಲಾಮಿನವರಿಗೆ ಪವಿತ್ರಾತ್ಮರು ಗಲಿಲೇಯದ ಮಾತು ಕಲಿಸಲಿಲ್ಲ. ಗಲಿಲೇಯದವರ ಬಾಯಿಗೇ ಅವರವರ ಊರಿನ ನುಡಿ ಬಂತು. ಕೇಳುವವನ ಕಡೆಗೆ ನಡೆದು ಹೋಗುವ ಶ್ರಮ ಮಾತನಾಡುವವನದು ಎಂದೇ ನಾನು ಅರ್ಥಮಾಡಿಕೊಂಡಿದ್ದೇನೆ.

ಆದರೂ ಆರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಸಭೆಯಲ್ಲಿ ಗೊಣಗಾಟ! ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿತ್ತು. ಪ್ರೇಷಿತರು ದೂರಿದವರನ್ನು ಗದರಲಿಲ್ಲ, ಹೊಂದಿಕೊಂಡು ಹೋಗಿ ಎನ್ನಲೂ ಇಲ್ಲ. ಏಳು ಮಂದಿಯನ್ನು ಆರಿಸಲು ಹೇಳಿದರು. ಆಯ್ಕೆಯಾದವರ ಪಟ್ಟಿ ನೋಡಿ: ಸ್ತೇಫನ, ಫಿಲಿಪ್ಪ, ನಿಕನೋರ, ತಿಮೋನ... ಏಳೂ ಗ್ರೀಕ್ ಹೆಸರುಗಳು. ಬಡಿಸುವ ಸೌಟನ್ನೇ ಹಸಿದವರ ಕಡೆಯವರ ಕೈಗೆ ಕೊಟ್ಟ ಹಾಗಾಯಿತು.

ಹೊರದೇಶದ ವಿದ್ಯಾರ್ಥಿಗಳೊಡನೆ ಆನ್‌ಲೈನ್ ಪ್ರಾಜೆಕ್ಟ್ ಮಾಡುವವರು ಪ್ರಶ್ನೆಗಳನ್ನು ಮುಂಚೆಯೇ ಬರೆದು ಹಂಚಿಕೊಳ್ಳಿ. ಭಾಷೆ ತಡವರಿಸುವವರಿಗೆ ಯೋಚಿಸಲು ಸಮಯ ಸಿಗುತ್ತದೆ. ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ನಮ್ಮಲ್ಲಿ ಹಿರಿಯರೆದುರು ಸುಮ್ಮನಿರುವುದು ಮರ್ಯಾದೆ. ಇನ್ನೊಬ್ಬರಿಗೆ ಅದೇ ಮೌನ ಉದಾಸೀನವಾಗಿ ಕಾಣಬಹುದು. ಕೇಳಿಯೇ ತಿಳಿಯಬೇಕು.

ಧರ್ಮಕ್ಷೇತ್ರದ ಯುವಸಭೆಯಲ್ಲಿ ನಮ್ಮವರೊಬ್ಬರು ಕನ್ನಡದಲ್ಲೇ ಮಾತನಾಡಲಿ, ಪಕ್ಕದವರು ಅನುವಾದಿಸಲಿ. ಹಾಗೆ ಕೇಳುವ ಹಕ್ಕು ನಮಗಿದೆ. ಆದರೆ ನಮ್ಮ ಕನ್ನಡ ಬಲಿಪೂಜೆಗೂ ಮನೆಯಲ್ಲಿ ಬೇರೆ ನುಡಿಯಾಡುವ ಕುಟುಂಬಗಳು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತವೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನಾದರೂ ಅವರು ತಮ್ಮ ಮಾತಿನಲ್ಲಿ ಹೇಳಬಹುದಲ್ಲ? ಮುಂದಿನ ತಿಂಗಳ ಪಟ್ಟಿ ಇನ್ನೂ ಖಾಲಿ ಇದೆ.