ಕರೆಯೋಲೆ ಬರೆಯುವವರು

ಕರೆಯೋಲೆ ಎಂಬುದು ನಮ್ಮ ಭಾಷೆಯ ಮಂಗಳದ ಮಾತುಗಳಲ್ಲಿ ಒಂದು. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ನೆಂಟರಿಷ್ಟರನ್ನು ಕರೆಯುವುದಕ್ಕಾಗಿ ಅದನ್ನು ಬರೆಯುತ್ತೇವೆ. ಬರೆಯುವವನು ಮನೆಯ ಯಜಮಾನ. ಹೊರಗಿನವರನ್ನು ಒಳಗೆ ಕರೆಯುವ ಅಧಿಕಾರ ಅವನಿಗುಂಟು. ರಾಜಕಾರಣದಲ್ಲಿಯೂ ಇಂಥ ಕರೆಯೋಲೆಗಳಿವೆ. ಅಲ್ಲಿ ಬರುವ ಅತಿಥಿ ಮಾತ್ರ ಪರರಾಜ್ಯದ ಸೈನ್ಯ. ಅಂಥ ಓಲೆ ಬರೆಯುವವನಿಗೆ ಆ ಮನೆಯ ಯಜಮಾನಿಕೆ ನಿಜವಾಗಿ ಎಷ್ಟು ಉಂಟು? ಕನ್ನಡ ಪಾಠ ಹೇಳುವ ನಾನು ರಾಜನೀತಿಯ ಪಂಡಿತನೇನೂ ಅಲ್ಲ. ಆದರೆ ಇದು ಪಂಡಿತರಿಗೆ ಮಾತ್ರ ಬಿಡತಕ್ಕ ಪ್ರಶ್ನೆಯೂ ಅಲ್ಲ.

೧೯೬೮ರ ಆಗಸ್ಟ್ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ಟ್ಯಾಂಕುಗಳು ಜೆಕೊಸ್ಲೊವಾಕಿಯವನ್ನು ಹೊಕ್ಕವು. ಅಲ್ಲಿನ ನಾಯಕರೇ ನೆರವು ಬೇಡಿದರು, ಅದಕ್ಕಾಗಿ ಬಂದೆವು ಎಂದು ಮಾಸ್ಕೋ ಸಾರಿತು. ಬೇಡಿದವರು ಯಾರೆಂದು ಮಾತ್ರ ಹೇಳಲಿಲ್ಲ. ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ, ೧೯೯೨ರಲ್ಲಿ, ಆ ಓಲೆ ಕಡತದಿಂದ ಹೊರಬಂದಿತು. ಅದು ಬ್ರೆಜ್ನೆವ್‌ಗೆ ಬರೆದದ್ದು; ವಾಸಿಲ್ ಬಿಲ್ಯಾಕ್ ಮೊದಲಾದ ಐವರ ಸಹಿ ಅದರಲ್ಲಿತ್ತು; ಭಾಷೆ ರಷ್ಯನ್. ಭಾಷೆಯನ್ನು ಕಲಿಸುವವನಾದ ನನಗೆ ಆ ಕೊನೆಯ ವಿವರ ಮರೆಯುವುದಿಲ್ಲ. ತಮ್ಮ ದೇಶದ ಪಾಡನ್ನು ಹೇಳಿಕೊಳ್ಳುವುದಕ್ಕೆ ಅವರಿಗೆ ತಮ್ಮ ದೇಶದ ಮಾತು ಒದಗಲಿಲ್ಲ.

೨೦೧೪ರಲ್ಲಿ ಇದೇ ಆಟ ಇನ್ನೊಂದು ಬಗೆಯಲ್ಲಿ ನಡೆಯಿತು. ಯುಕ್ರೇನಿನ ಅಧ್ಯಕ್ಷ ಯಾನುಕೋವಿಚ್ ಫೆಬ್ರುವರಿಯಲ್ಲಿ ರಾಜಧಾನಿಯನ್ನು ಬಿಟ್ಟು ಓಡಿದ. ಮಾರ್ಚ್ ೩ರಂದು ರಷ್ಯದ ರಾಯಭಾರಿ ಭದ್ರತಾ ಮಂಡಳಿಯಲ್ಲಿ ಒಂದು ಪತ್ರವನ್ನು ಎತ್ತಿ ತೋರಿಸಿದರು: ಸೈನ್ಯವನ್ನು ಕಳುಹಿಸಿ ಎಂದು ಯಾನುಕೋವಿಚ್ ಪುತಿನ್‌ಗೆ ಬರೆದದ್ದು, ಮಾರ್ಚ್ ೧ರ ತಾರೀಖಿನದು. ಅಷ್ಟರಲ್ಲಿ ಗುರುತುಪಟ್ಟಿಯಿಲ್ಲದ ಸೈನಿಕರು ಕ್ರಿಮಿಯವನ್ನು ಆಗಲೇ ಹಿಡಿದಿದ್ದರು. ಅತಿಥಿ ಒಳಗೆ ಬಂದು ಕುಳಿತ ಮೇಲೆ ಕರೆಯೋಲೆ ತಲುಪಿದ ಹಾಗಾಯಿತು.

ಬಲವುಳ್ಳವನಿಗೆ ಓಲೆಯ ಹಂಗೇಕೆ? ನುಗ್ಗುವ ಶಕ್ತಿಯಿದ್ದವನು ಸುಮ್ಮನೆ ನುಗ್ಗಬಹುದಲ್ಲ? ನುಗ್ಗುತ್ತಾನೆ, ನಿಜ. ೨೦೨೨ರಲ್ಲಿ ಯುಕ್ರೇನಿಗೆ ನುಗ್ಗಿದ್ದನ್ನು ಲೋಕ ನೋಡಿದೆ. ಆದರೂ ಸಮ್ಮತಿಯ ಮುಖವಾಡವಿಲ್ಲದ ಬಲಕ್ಕೆ ಲೋಕದ ಎದುರಿಗೆ ನಾಚಿಕೆಯುಂಟು, ಖರ್ಚೂ ಹೆಚ್ಚು. ಆದ್ದರಿಂದ ಅದು ಒಳಗಿನವನೊಬ್ಬನನ್ನು ಹುಡುಕುತ್ತದೆ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ ಕಂಡು.

ಕಾವು ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಬೆಲಾರುಸಿನ ಕಥೆಯನ್ನು ನೋಡಬೇಕು. ೧೯೯೧ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟಕ್ಕೆ ಮುಕ್ತಾಯ ಬರೆದ ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ದೇಶದ ಬೆಲೊವೆಝ ಕಾಡಿನಲ್ಲಿ. ಬಿಡುಗಡೆಯ ಬೆನ್ನಿಗೇ ಬೆಲೆಯೇರಿಕೆ, ಲಂಚ, ನಾಳೆಯ ಭಯ ಬಂದವು. ಸರ್ಕಾರಿ ಬೇಸಾಯ ಕ್ಷೇತ್ರವೊಂದರ ಅಧಿಕಾರಿಯಾಗಿದ್ದು, ಆಮೇಲೆ ಶಾಸನಸಭೆಯ ಭ್ರಷ್ಟಾಚಾರ ವಿಚಾರಣೆಯ ಸಮಿತಿಗೆ ಮುಖ್ಯನಾಗಿದ್ದ ಅಲೆಕ್ಸಾಂದರ್ ಲುಕಶೆಂಕೊ ೧೯೯೪ರಲ್ಲಿ ಅಧ್ಯಕ್ಷ ಪದವಿಗೆ ನಿಂತ. ಎರಡನೆಯ ಸುತ್ತಿನಲ್ಲಿ ನೂರಕ್ಕೆ ಸುಮಾರು ೮೦ ಮತ ಪಡೆದ. ಆ ಚುನಾವಣೆ ಮೋಸದ್ದಲ್ಲ. ಹಸಿದವರು, ಹೆದರಿದವರು ಭರವಸೆ ಕೊಟ್ಟವನನ್ನು ಆರಿಸಿದರು. ಅವರನ್ನು ಹಳಿಯುವುದಕ್ಕೆ ಹೊಟ್ಟೆ ತುಂಬಿದ ನಮಗೆ ಅಧಿಕಾರವಿಲ್ಲ.

ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ೧೯೯೫ರ ಜನಮತಗಣನೆಯಲ್ಲಿ ಬಿಳಿ-ಕೆಂಪು-ಬಿಳಿ ಧ್ವಜ ಹೋಗಿ ಸೋವಿಯತ್ ಕಾಲದ್ದನ್ನು ಹೋಲುವ ಧ್ವಜ ಬಂದಿತು; ರಷ್ಯನ್ ಭಾಷೆಗೆ ಸಮಾನ ಸ್ಥಾನ ದೊರೆಯಿತು. ೧೯೯೬ರಲ್ಲಿ ಶಾಸನಸಭೆಯ ಬಲ ಕುಂದಿ ಅಧ್ಯಕ್ಷನ ಬಲ ಬೆಳೆಯಿತು. ೨೦೦೪ರಲ್ಲಿ ಒಬ್ಬನೇ ಎರಡು ಅವಧಿಗಿಂತ ಹೆಚ್ಚು ಆಳಬಾರದೆಂಬ ನಿಯಮವೂ ಹೋಯಿತು. ಇದರ ನಡುವೆ, ೧೯೯೯ರಲ್ಲಿ, ರಷ್ಯದೊಡನೆ ಒಕ್ಕೂಟ ರಾಜ್ಯದ ಒಪ್ಪಂದವಾಯಿತು. ಅಲ್ಲಿಂದ ಬಂದ ಅಗ್ಗದ ಎಣ್ಣೆ, ಅನಿಲಗಳು ಕಾರ್ಖಾನೆಗಳನ್ನು ನಡೆಸಿದವು. ಸಂಬಳ, ನಿವೃತ್ತಿವೇತನಗಳು ಸಂದವು. ಪ್ರಜೆ ಬಾಯಿ ಮುಚ್ಚಿದ, ಪ್ರಭು ಅನ್ನ ಕೊಟ್ಟ. ಇಷ್ಟಾದರೂ ಆ ಪ್ರಭು ಪೂರ್ತಿಯಾಗಿ ರಷ್ಯದ ಕೈವಶನಾಗಿರಲಿಲ್ಲವೆಂಬುದನ್ನು ನೆನೆಯಬೇಕು. ೨೦೧೪ರಲ್ಲಿ ಕ್ರಿಮಿಯ ರಷ್ಯಕ್ಕೆ ಸೇರಿದ್ದನ್ನು ಆತ ವಿಧಿಪೂರ್ವಕವಾಗಿ ಮಾನ್ಯಮಾಡಲಿಲ್ಲ; ಯುದ್ಧಶಾಂತಿಯ ಮಾತುಕತೆಗೆ ತನ್ನ ರಾಜಧಾನಿ ಮಿನ್ಸ್ಕ್ ನಗರದಲ್ಲಿ ಎಡೆಮಾಡಿಕೊಟ್ಟ.

೨೦೨೦ರ ಆಗಸ್ಟ್ ೯ರಂದು ಲೆಕ್ಕ ತಪ್ಪಿತು. ಮತ್ತೆ ನೂರಕ್ಕೆ ೮೦ ಮತ ಬಂದಿತೆಂದು ಸರ್ಕಾರ ಸಾರಿತು, ಜನ ನಂಬಲಿಲ್ಲ. ಬೀದಿಬೀದಿಗಳಲ್ಲಿ ಹಳೆಯ ಬಿಳಿ-ಕೆಂಪು-ಬಿಳಿ ಧ್ವಜ ಹಾರಿತು. ಸೊಲಿಗೋರ್ಸ್ಕಿನ ಪೊಟ್ಯಾಷ್ ಗಣಿಯ ಕೆಲಸಗಾರರೂ ಮುಷ್ಕರಕ್ಕಿಳಿದರು. ಆ ವರ್ಷ ಸೆರೆಹಿಡಿದವರ ಸಂಖ್ಯೆ ೩೦,೦೦೦ವನ್ನು ಮೀರಿತು. ಸರ್ಕಾರಿ ದೂರದರ್ಶನದ ನೌಕರರು ಕೆಲಸ ಬಿಟ್ಟಾಗ ಅವರ ಜಾಗಕ್ಕೆ ರಷ್ಯದಿಂದ ಜನ ಬಂದರು. ಲುಕಶೆಂಕೊನ ಕೋರಿಕೆಯಂತೆ ಪೊಲೀಸರ ಮೀಸಲು ಪಡೆಯೊಂದನ್ನು ಸಿದ್ಧಪಡಿಸಿದ್ದೇನೆ, ಪರಿಸ್ಥಿತಿ ಕೈಮೀರಿದರೆ ಮಾತ್ರ ಅದನ್ನು ಕಳುಹಿಸುತ್ತೇನೆ ಎಂದು ಪುತಿನ್ ಆಗಸ್ಟ್ ಕೊನೆಯಲ್ಲಿ ಬಹಿರಂಗವಾಗಿ ಹೇಳಿದ. ಸೆಪ್ಟೆಂಬರಿನಲ್ಲಿ ೧೫೦ ಕೋಟಿ ಡಾಲರ್ ಸಾಲದ ಮಾತು ಕೊಟ್ಟ. ಆ ಪಡೆ ಗಡಿ ದಾಟಲೇ ಇಲ್ಲ, ದಾಟಬೇಕಾಗಿಯೂ ಇರಲಿಲ್ಲ. ಅದು ಇದೆ ಎಂಬ ಸುದ್ದಿಯೇ ಮಾಡಬೇಕಾದ ಕೆಲಸವನ್ನು ಮಾಡಿತು.

ಇನ್ನು ಋಣ ತೀರಿಸುವ ಕಾಲ. ೨೦೨೧ರಲ್ಲಿ ಕ್ರಿಮಿಯ ರಷ್ಯದ್ದೇ ಎಂದು ಲುಕಶೆಂಕೊ ಒಪ್ಪಿಕೊಂಡ. ೨೦೨೨ರ ಫೆಬ್ರುವರಿ ೨೪ರಂದು ರಷ್ಯದ ಸೈನ್ಯ ಕೀವ್ ನಗರದ ಕಡೆಗೆ ನಡೆದದ್ದು ಬೆಲಾರುಸಿನ ನೆಲದಿಂದ. ಮೂರೇ ದಿನದಲ್ಲಿ ನಡೆದ ಜನಮತಗಣನೆಯಲ್ಲಿ ಅಣ್ವಸ್ತ್ರವಿಲ್ಲದ ತಟಸ್ಥ ದೇಶವಾಗಬೇಕೆಂಬ ಮಾತು ಸಂವಿಧಾನದಿಂದ ಹೋಯಿತು. ಕೊನೆಯ ಅಣ್ವಸ್ತ್ರ ೧೯೯೬ರಲ್ಲಿ ಆ ನೆಲವನ್ನು ಬಿಟ್ಟಿತ್ತು. ೨೦೨೩ರಲ್ಲಿ ರಷ್ಯದ ಅಣ್ವಸ್ತ್ರಗಳು ಮರಳಿ ಬಂದುವೆಂದು ಲುಕಶೆಂಕೊ ತಾನೇ ಹೇಳಿದ. ಅಧ್ಯಕ್ಷನ ಕುರ್ಚಿ ಉಳಿಯಿತು. ಉಳಿಸಿದ್ದಕ್ಕೆ ತೆತ್ತ ಹಣ ಅವನ ಸ್ವಂತದ್ದಾಗಿರಲಿಲ್ಲ.

ಇದನ್ನು ಕೇಳಿ ಇತಿಹಾಸದ ಅಧ್ಯಾಪಕರಾದ ನನ್ನ ಸ್ನೇಹಿತರೊಬ್ಬರು ನಕ್ಕರು. "ಅಲ್ಲ ಸ್ವಾಮಿ, ದೊಡ್ಡವರ ಮಗ್ಗುಲಲ್ಲಿರುವ ಚಿಕ್ಕ ರಾಜ್ಯ ಇನ್ನೇನು ಮಾಡಬೇಕು? ಕೌಟಿಲ್ಯನೇ ಸಂಶ್ರಯವನ್ನು ಆರು ಗುಣಗಳಲ್ಲಿ ಒಂದೆಂದು ಎಣಿಸಲಿಲ್ಲವೆ?"

ಎಣಿಸಿದ್ದಾನೆ. ದುರ್ಬಲನಾದ ಅರಸು ಬಲಿಷ್ಠನ ಆಶ್ರಯ ಪಡೆಯುವುದು ಪಾಪವಲ್ಲ. ಒಮ್ಮೊಮ್ಮೆ ಅದೇ ವಿವೇಕ. ಆದರೆ ಕೌಟಿಲ್ಯನ ಸಂಶ್ರಯ ಹೊರಗಿನ ಶತ್ರುವಿಗೆ ಹೆದರಿದಾಗಿನದು. ಹೊರಗಿನ ಶತ್ರುವಿಗೆ ಹೆದರಿ ಹಿಡಿದ ಆಸರೆ ಇಡೀ ಮನೆಯನ್ನು ಕಾಯುತ್ತದೆ. ಮನೆಯವರಿಗೇ ಹೆದರಿ ಹಿಡಿದ ಆಸರೆ ಯಜಮಾನನೊಬ್ಬನನ್ನು ಕಾಯುತ್ತದೆ. ಅದರ ಬಾಡಿಗೆಯನ್ನು ಮಾತ್ರ ಮನೆಯವರೆಲ್ಲ ಕಟ್ಟಬೇಕು. ಎರಡಕ್ಕೂ ಒಂದೇ ಹೆಸರಿಡುವುದು ಸಲ್ಲದು.

ಬೇರೆ ದಾರಿಯೇ ಇಲ್ಲವೆಂಬ ಮಾತೂ ನಿಲ್ಲುವುದಿಲ್ಲ. ಆರ್ಮೇನಿಯ ಬೆಲಾರುಸಿಗಿಂತಲೂ ಚಿಕ್ಕ ದೇಶ. ಅದರ ಗ್ಯುಮ್ರಿ ನಗರದಲ್ಲಿ ರಷ್ಯದ ಸೇನಾನೆಲೆಯೇ ಇದೆ. ೨೦೧೮ರ ಏಪ್ರಿಲಿನಲ್ಲಿ ಹತ್ತು ವರ್ಷ ಅಧ್ಯಕ್ಷನಾಗಿದ್ದ ಸೆರ್ಜ್ ಸರ್ಗ್ಸ್ಯಾನ್ ಪ್ರಧಾನಿಯಾಗಿ ಅಧಿಕಾರದಲ್ಲಿ ಮುಂದುವರಿಯಲು ಹೊರಟಾಗ ಜನ ಬೀದಿಗೆ ಬಂದರು. ಪ್ರಧಾನಿಯಾದ ಆರೇ ದಿನಕ್ಕೆ ಆತ ರಾಜೀನಾಮೆ ಕೊಟ್ಟ. ಗ್ಯುಮ್ರಿಯ ಸೈನಿಕರು ತಮ್ಮ ಬಿಡಾರದಲ್ಲೇ ಉಳಿದರು. ಇದೊಂದರಿಂದ ಮಾಸ್ಕೋವನ್ನು ಸಾಧುವೆನ್ನಲಾಗದು. ಆದರೂ ಅಧಿಕಾರವನ್ನು ಬಿಟ್ಟುಕೊಡುವ ಮನಸ್ಸಿರುವಲ್ಲಿ ಕರೆಯೋಲೆಗೆ ಕಾರಣವಿರುವುದಿಲ್ಲ ಎಂಬಷ್ಟು ಇದರಿಂದ ತಿಳಿಯುತ್ತದೆ.

ತಪ್ಪನ್ನೆಲ್ಲ ಕರೆದವನ ತಲೆಗೆ ಕಟ್ಟಿ, ಬಂದವನನ್ನು ಬಿಟ್ಟುಬಿಡುತ್ತೇನೆಂದು ಯಾರೂ ತಿಳಿಯಬೇಡಿ. ಇನ್ನೊಬ್ಬನ ದೌರ್ಬಲ್ಯವನ್ನು ತನ್ನ ಆಸ್ತಿಯಾಗಿ ಬರೆಸಿಕೊಳ್ಳುವುದು ದೊಡ್ಡ ರಾಷ್ಟ್ರಗಳ ಹಳೆಯ ಕಸುಬು. ಅದರಲ್ಲಿ ಪೂರ್ವ ಪಶ್ಚಿಮಗಳ ಭೇದವಿಲ್ಲ. ೨೦೨೫ರ ಡಿಸೆಂಬರಿನಲ್ಲಿ ಬೆಲಾರುಸ್ ೧೨೩ ಮಂದಿ ಸೆರೆಯಾಳುಗಳನ್ನು ಬಿಟ್ಟಿತು. ೨೦೨೨ರ ನೊಬೆಲ್ ಶಾಂತಿ ಪಾರಿತೋಷಕವನ್ನು ಹಂಚಿಕೊಂಡ ಅಲೆಸ್ ಬ್ಯಾಲ್ಯಾತ್ಸ್ಕಿ ಅವರಲ್ಲೊಬ್ಬರು. ಪ್ರತಿಯಾಗಿ ಅಮೆರಿಕ ಪೊಟ್ಯಾಷ್ ವ್ಯಾಪಾರದ ಮೇಲಿನ ನಿರ್ಬಂಧವನ್ನು ಸಡಿಲಿಸಿತು. ಬಿಡುಗಡೆ ಸಂತೋಷದ ಸಂಗತಿಯೇ. ಆದರೆ ಮನುಷ್ಯನನ್ನು ಗೊಬ್ಬರದೊಡನೆ ತೂಗುವ ತಕ್ಕಡಿಯನ್ನು ನೋಡಿ ಮನಸ್ಸು ಕುಗ್ಗುತ್ತದೆ. ನಮ್ಮ ದೇಶವೂ ತನ್ನ ಹೊಲಗಳಿಗೆ ಬೆಲಾರುಸಿನ ಪೊಟ್ಯಾಷನ್ನು ತರಿಸಿಕೊಂಡಿದೆ. ಆ ತಕ್ಕಡಿಯಿಂದ ನಾವು ಬಹು ದೂರದಲ್ಲಿಲ್ಲ.

ಅಂದು ಬಿಡುಗಡೆಯಾದವರಲ್ಲಿ ಬಹುಮಂದಿ ತಮ್ಮ ಮನೆಗಳಿಗೆ ಹೋಗಲಿಲ್ಲ. ಅವರನ್ನು ಗಡಿಯಾಚೆಗೆ ಸಾಗಿಸಿದರು. ಮನೆಯ ಮಕ್ಕಳು ಹೊರಗೆ, ಅತಿಥಿಯ ಆಯುಧಗಳು ಒಳಗೆ. ಪ್ರಜೆಯ ಸಮ್ಮತಿ ಬೇಡವೆನ್ನುವ ಅರಸನಿಗೆ ಇನ್ನಾರದಾದರೂ ಬಲ ಬೇಕೇ ಬೇಕು. ಆ ಇನ್ನೊಬ್ಬ ಬಂದ ಮೇಲೆ ಅರಸನ ಸಮ್ಮತಿಗೂ ಬೆಲೆಯಿರುವುದಿಲ್ಲ. ದೇಶದ ಸ್ವಾತಂತ್ರ್ಯ ಬೇರೆ, ಪ್ರಜೆಯ ಸ್ವಾತಂತ್ರ್ಯ ಬೇರೆ, ಮೊದಲನೆಯದನ್ನು ಉಳಿಸಲು ಎರಡನೆಯದನ್ನು ಸ್ವಲ್ಪ ಕಾಲ ಬದಿಗಿಡೋಣ ಎಂದು ಹೇಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರು ಹೀಗೆ ಹೇಳಿದಾಗ, ಬೆಲಾರುಸಿನಲ್ಲಿ ಮೊದಲು ಹೋದದ್ದು ಯಾವುದು, ಅದರ ಹಿಂದೆಯೇ ಹೋದದ್ದು ಯಾವುದು ಎಂದು ನಾವು ಅವರನ್ನು ಕೇಳಬೇಕು.