ಅಚೌರ್ಯಾಣುವ್ರತವೂ ತೆರಿಗೆಯ ಲೆಕ್ಕವೂ



ಪಂಚಾಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಕೊಡದುದನ್ನು ತೆಗೆದುಕೊಳ್ಳದಿರುವುದೇ ಅದರ ಸ್ವರೂಪವೆಂದು ಪಾಠಶಾಲೆಯ ಮಕ್ಕಳೂ ಹೇಳಬಲ್ಲರು. ಆದುದರಿಂದಲೇ ಬಹುಮಂದಿ ಶ್ರಾವಕರು ಈ ವ್ರತವು ತಮಗೆ ಸುಲಭಸಾಧ್ಯವೆಂದು ಭಾವಿಸುತ್ತಾರೆ. ಕನ್ನ ಕೊರೆಯದವನು, ಪರರ ಗಂಟಿಗೆ ಕೈಯಿಕ್ಕದವನು ಅಚೌರ್ಯವ್ರತಿಯೇ ಅಲ್ಲವೇ ಎಂಬುದು ಅವರ ಎಣಿಕೆ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ವಿರುದ್ಧರಾಜ್ಯಾತಿಕ್ರಮವನ್ನೂ ಸೇರಿಸಿದ್ದಾರೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ಬಗೆಯ ದೋಷವನ್ನು ವಿಲೋಪವೆಂದು ಕರೆದಿದ್ದಾರೆ. ರಾಜ್ಯದ ಕಟ್ಟಳೆಯನ್ನು ಮೀರಿ ಧನವನ್ನು ಪಡೆಯುವುದೂ ಉಳಿಸಿಕೊಳ್ಳುವುದೂ ಕಳವಿನ ನೆರಳೇ ಎಂಬುದು ಇದರ ತಾತ್ಪರ್ಯ.

ಈ ಮಾತು ಇಂದಿನ ಗೃಹಸ್ಥನಿಗೆ ಎಲ್ಲಿ ಎದುರಾಗುತ್ತದೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ಬೆಂಗಳೂರಿನ ಲಗ್ಗೆರೆ ಒಂದು ಕಾಲಕ್ಕೆ ಹಳ್ಳಿ. ಪಕ್ಕದ ಪೀಣ್ಯದಲ್ಲಿ ಕೈಗಾರಿಕೆಗಳು ಬೆಳೆದಂತೆ ಅದೂ ನಗರದೊಳಗೆ ಸೇರಿಹೋಯಿತು. ಅಲ್ಲಿ ಮನೆಮಾಡಿರುವ, ಪೀಣ್ಯದಲ್ಲಿ ಸಣ್ಣ ಯಂತ್ರಶಾಲೆಯೊಂದನ್ನು ನಡೆಸುವ ಒಬ್ಬ ಶ್ರಾವಕನನ್ನು ಭಾವಿಸಬಹುದು. ತಂದೆಯ ಕಾಲದ ನಿವೇಶನವೊಂದನ್ನು ಮಾರಿ, ಆ ಮಾರಾಟದ ತೆರಿಗೆಯನ್ನು ಸಲ್ಲಿಸಿ, ಉಳಿದ ಹಣವನ್ನು ಅವನು ಬ್ಯಾಂಕಿನಲ್ಲಿ ಠೇವಣಿಯಿಟ್ಟನು. ವರ್ಷಕ್ಕೆ 12 ಲಕ್ಷ ರೂಪಾಯಿ ಬಡ್ಡಿ ಬಂದಿತು. ಬ್ಯಾಂಕಿನವರು ನೂರಕ್ಕೆ 10ರಂತೆ 1,20,000 ರೂಪಾಯಿಯನ್ನು ಮೂಲದಲ್ಲಿಯೇ ಕಡಿತಮಾಡಿದ್ದರು. ಬಡ್ಡಿಯ ತೆರಿಗೆ ಅಲ್ಲಿಗೆ ತೀರಿತೆಂದು ಅವನು ನಿಶ್ಚಿಂತನಾಗಿ, ಮನೆಯ ಮೇಲೆ ಮೂರನೆಯ ಅಂತಸ್ತು ಕಟ್ಟಿಸಲು ಮೇಸ್ತ್ರಿಗೆ ಮಾತು ಕೊಟ್ಟನು.

2025ರಲ್ಲಿ ದಶಲಕ್ಷಣ ಪರ್ವವು ಆಗಸ್ಟ್ 28ರಿಂದ ಸೆಪ್ಟೆಂಬರ್ 6ರವರೆಗೆ ನಡೆಯಿತು. ಲೆಕ್ಕಪತ್ರ ಸಲ್ಲಿಸುವ ಗಡುವನ್ನು ಆ ವರ್ಷ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು. ಕೊನೆಗೆ ಇನ್ನೊಂದು ದಿನವನ್ನೂ ಕೊಟ್ಟರು. ಹೀಗಾಗಿ ಪರ್ವವೂ ಲೆಕ್ಕವೂ ಒಟ್ಟಿಗೆ ಬಂದವು. ಉತ್ತಮ ಆರ್ಜವದ ದಿನ ಲೆಕ್ಕಿಗನು ಕಾಗದವನ್ನು ಮುಂದಿಟ್ಟನು. ಯಂತ್ರಶಾಲೆಯ ಆದಾಯವೇ ಹತ್ತು ಲಕ್ಷವನ್ನು ದಾಟಿದ್ದುದರಿಂದ, ಅವನು ಆರಿಸಿಕೊಂಡಿದ್ದ ಹಳೆಯ ಪದ್ಧತಿಯಂತೆ, ಬಡ್ಡಿಯೆಲ್ಲವೂ ನೂರಕ್ಕೆ 30ರ ಮೆಟ್ಟಿಲಿಗೆ ಏರಿತ್ತು. ನೂರಕ್ಕೆ 4ರ ಸೆಸ್ ಸೇರಿ ಬಡ್ಡಿಯ ಮೇಲಿನ ತೆರಿಗೆ 3,74,400 ರೂಪಾಯಿ. ಕಡಿತವಾದುದನ್ನು ಕಳೆದರೆ ಇನ್ನೂ 2,54,400 ರೂಪಾಯಿ ಬಾಕಿ. ಮುಂಗಡ ತೆರಿಗೆಯಲ್ಲಿ ಕೊರತೆ ಮಾಡಿದುದಕ್ಕೆ ತಿಂಗಳಿಗೆ ನೂರಕ್ಕೆ 1ರಂತೆ ಬಡ್ಡಿ ಬೇರೆ.

ಶ್ರಾವಕನ ಮುಖ ಬಾಡಿತು. ಅದನ್ನು ಕಂಡ ಲೆಕ್ಕಿಗನು, "ಯಜಮಾನರೇ, ಚಿಂತೆ ಬೇಡ. ಎಂಟು ಲಕ್ಷದ ದೇಣಿಗೆಗೆ ಹಿಂದಿನ ತಾರೀಖಿನ ರಸೀದಿ ಕೊಡುವವರಿದ್ದಾರೆ. ಪೂರ್ಣ ವಿನಾಯಿತಿ ಸಿಕ್ಕಿದರೆ ಎರಡೂವರೆ ಲಕ್ಷದಷ್ಟು ಇಳಿಯುತ್ತದೆ. ಅವರಿಗೆ ಅಲ್ಪಸ್ವಲ್ಪ ಕೊಟ್ಟರಾಯಿತು" ಎಂದನು.

ಮನೆಯಾಕೆ ಪರ್ವದ ಹತ್ತು ದಿನವೂ ಏಕಾಶನದ ನಿಯಮ ಹಿಡಿದಿದ್ದಳು. ಸಂಜೆ ಗಂಡನು ಈ ವಿಚಾರವನ್ನು ಅವಳಿಗೆ ಹೇಳಿ, "ಯಾರಿಗೂ ತಿಳಿಯುವುದಿಲ್ಲವಂತೆ" ಎಂದನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ನುಡಿದಳು: "ಈಗ ನಾನು ಅಡಿಗೆಮನೆಗೆ ಹೋಗಿ ಒಂದು ಹಿಡಿ ಅವಲಕ್ಕಿ ಬಾಯಿಗೆ ಹಾಕಿಕೊಂಡರೂ ನಿಮಗೆ ತಿಳಿಯುವುದಿಲ್ಲ. ಆದರೂ ಹಾಕಿಕೊಳ್ಳುವುದಿಲ್ಲವಲ್ಲ. ಕೊಡದ ದಾನಕ್ಕೆ ರಸೀದಿ ತಂದು, ನಾಳೆ ಬಸದಿಯಲ್ಲಿ ಹುಂಡಿಗೆ ಕಾಣಿಕೆ ಹಾಕುವುದಾದರೂ ಹೇಗೆ?"

ಶ್ರಾವಕನು ಆ ರಾತ್ರಿ ನಿದ್ರೆ ಮಾಡಲಿಲ್ಲ. ಬೆಳಿಗ್ಗೆ ಲೆಕ್ಕಿಗನಿಗೆ ಇದ್ದುದನ್ನು ಇದ್ದಂತೆಯೇ ಬರೆಯಲು ಹೇಳಿದನು. ಮೇಸ್ತ್ರಿಯನ್ನು ಕರೆಸಿ ಮೂರನೆಯ ಅಂತಸ್ತಿನ ಕೆಲಸವನ್ನು ನಿಲ್ಲಿಸಿದನು.

ಈ ದೃಷ್ಟಾಂತದಲ್ಲಿ ಎಷ್ಟು ವ್ರತಗಳು ಸಿಕ್ಕಿಕೊಂಡಿದ್ದುವೆಂಬುದನ್ನು ವಿವೇಕಿಗಳು ಎಣಿಸಿ ನೋಡಬೇಕು. ಬಾಕಿಯನ್ನು ಮುಚ್ಚಿಡುವುದು ಅಚೌರ್ಯದ ಅತಿಚಾರ. ಸುಳ್ಳು ರಸೀದಿಯು ಸತ್ಯಾಣುವ್ರತದ ಅತಿಚಾರಗಳಲ್ಲಿ ಹೇಳಿರುವ ಕೂಟಲೇಖಕ್ರಿಯೆ. ಲೆಕ್ಕಿಗನ ಸಲಹೆಯು ಅದೇ ಪಟ್ಟಿಯ ಮಿಥ್ಯೋಪದೇಶ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಿಂದ ಲೋಭವನ್ನು ಕರಗಿಸಬೇಕಾದ ಶ್ರಾವಕನು ದಾನದ ಹೆಸರನ್ನೇ ಲೋಭದ ಮುಸುಕಾಗಿ ಮಾಡಿಕೊಂಡರೆ, ಹತ್ತು ದಿನದ ಉಪವಾಸವೂ ಕೇವಲ ಕಾಯಕ್ಲೇಶವಾಗಿ ಉಳಿಯುತ್ತದೆ. ಮನಸ್ಸು, ಮಾತು, ಕೃತಿಗಳು ಒಂದಾಗಿರುವುದೇ ಆರ್ಜವ.

ಇದು ಒಬ್ಬಿಬ್ಬರ ಸಂಗತಿಯಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆಯು ಸುಳ್ಳು ವಿನಾಯಿತಿಗಳ ಸಂಬಂಧವಾಗಿ ದೇಶದ 150 ಸ್ಥಳಗಳಲ್ಲಿ ಪರಿಶೀಲನೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ಲೆಕ್ಕವನ್ನು ತಿದ್ದಿಕೊಂಡು 1,045 ಕೋಟಿ ರೂಪಾಯಿಯ ತಪ್ಪು ಕೋರಿಕೆಗಳನ್ನು ಹಿಂದೆಗೆದುಕೊಂಡರೆಂದು ಇಲಾಖೆಯೇ ಪ್ರಕಟಿಸಿತು. ಸಿಕ್ಕಿಬೀಳುವ ಭಯದಿಂದ ತಿದ್ದಿಕೊಳ್ಳುವುದು ಲೋಕವ್ಯವಹಾರ. ಭಯವಿಲ್ಲದಾಗಲೂ ತಿದ್ದಿಕೊಳ್ಳುವುದು ವ್ರತ. ಪ್ರತಿಕ್ರಮಣವನ್ನು ಬಲ್ಲ ಸಮಾಜಕ್ಕೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಸರ್ಕಾರವು ಹಣವನ್ನು ಪೋಲುಮಾಡುವಾಗ ಕೊಡುವುದೇಕೆ ಎಂದು ಕೆಲವರು ಕೇಳುವುದುಂಟು. ಪರರ ದೋಷದಿಂದ ತನ್ನ ವ್ರತವು ಸಡಿಲವಾಗದು. ತನ್ನ ಕಷಾಯದಿಂದಲೇ ತನಗೆ ಕರ್ಮಬಂಧ. ಕಾನೂನು ಕೊಟ್ಟಿರುವ ರಿಯಾಯಿತಿಯನ್ನು ಪಡೆಯುವುದಾಗಲಿ, ಅನ್ಯಾಯವೆನಿಸಿದ ತೆರಿಗೆಯ ವಿರುದ್ಧ ಮೇಲ್ಮನವಿ ಸಲ್ಲಿಸುವುದಾಗಲಿ ದೋಷವಲ್ಲ. ಹಿಂದೆ 1973-74ರಲ್ಲಿ ಅತ್ಯುನ್ನತ ಸ್ತರದ ಆದಾಯಕ್ಕೆ ಅಧಿಭಾರವೂ ಸೇರಿ ನೂರಕ್ಕೆ 97.75ರವರೆಗೂ ತೆರಿಗೆಯಿದ್ದಿತು. ದರವು ಏರಬಹುದು, ಇಳಿಯಬಹುದು. ಅಣುವ್ರತಕ್ಕೆ ಅಂತಹ ಏರಿಳಿತವಿಲ್ಲ.

ನಮ್ಮ ನಾಡಿನ ಚರಿತ್ರೆಯೂ ಇದನ್ನೇ ಬೋಧಿಸುತ್ತದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದ ಹುಳ್ಳನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ. ಎಂದರೆ ರಾಜಕೋಶದ ಅಧಿಕಾರಿ. ಆ ಬಸದಿಗೆ ಅರಸನು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಗ್ರಾಮದತ್ತಿಯೆಂದರೆ ಆ ಊರಿನ ಒಕ್ಕಲುಗಳು ತೆತ್ತ ತೆರಿಗೆಯೇ. ಅವರು ಬೆಳೆಯನ್ನು ಬಚ್ಚಿಟ್ಟಿದ್ದರೆ ಬಸದಿಯ ಪೂಜೆಯೂ ಆಹಾರದಾನವೂ ನಡೆಯುತ್ತಿದ್ದುದೆಂತು?

ಇನ್ನೊಂದು ಮಾತು. ಅನಿರೀಕ್ಷಿತ ತೆರಿಗೆಯು ಮನೆಯನ್ನು ತಲ್ಲಣಗೊಳಿಸುವುದು ಬರಲಿರುವ ಆದಾಯವನ್ನೆಲ್ಲ ತನ್ನದೆಂದು ಮೊದಲೇ ಎಣಿಸಿಬಿಡುವುದರಿಂದ. ಪರಿಗ್ರಹ ಪರಿಮಾಣವ್ರತವು ಇದಕ್ಕೆ ಔಷಧ. ಅದರ ಅತಿಚಾರಗಳನ್ನು ಹೇಳುವಾಗ ಸೂತ್ರಕಾರರು ಮೊದಲು ಹೆಸರಿಸಿರುವುದು ಕ್ಷೇತ್ರ ಮತ್ತು ವಾಸ್ತುಗಳನ್ನು, ಎಂದರೆ ಭೂಮಿಯನ್ನೂ ಮನೆಯನ್ನೂ. ನಿವೇಶನಗಳ ಬೆಲೆಯಿಂದ ಸಿರಿವಂತರಾದ ನಗರದ ಮನೆಗಳಿಗೆ ಇದಕ್ಕಿಂತ ಸಮೀಪದ ಮಾತಿಲ್ಲ.

ಅಷ್ಟಮಿ ಚತುರ್ದಶಿಗಳನ್ನು ಪಂಚಾಂಗದಲ್ಲಿ ಗುರುತಿಸಿಕೊಳ್ಳುವ ಗೃಹಸ್ಥನು ಅದರ ಪಕ್ಕದಲ್ಲಿಯೇ ಮುಂಗಡ ತೆರಿಗೆಯ ಕಂತುಗಳಾದ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ನ್ನೂ ಗುರುತಿಸಿಕೊಳ್ಳಲಿ. ಬಡ್ಡಿ ಬಾಡಿಗೆಗಳು ಕೈಸೇರಿದ ದಿನವೇ ರಾಜ್ಯದ ಭಾಗವನ್ನು ಬೇರೆ ತೆಗೆದಿಡಲಿ. ಆಗ ತೆರಿಗೆಯು ಅನಿರೀಕ್ಷಿತವಾಗುವುದಿಲ್ಲ. ಕೂಟಲೇಖದ ಪ್ರಲೋಭನೆಗೆ ಬಾಗಿಲು ತೆರೆಯುವುದಿಲ್ಲ.

ಲಗ್ಗೆರೆಯ ಆ ಶ್ರಾವಕನು ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯಂದು, ತನ್ನಲ್ಲಿರುವ ಭೂಮಿ, ಮನೆ, ಹೊನ್ನು, ಠೇವಣಿಗಳ ಪಟ್ಟಿ ಬರೆದು, ಇಷ್ಟಕ್ಕಿಂತ ಹೆಚ್ಚು ಬೇಡವೆಂದು ಜಿನಬಿಂಬದ ಸನ್ನಿಧಿಯಲ್ಲಿ ಮಿತಿ ಮಾಡಿಕೊಂಡನು. ಕಟ್ಟದ ಮೂರನೆಯ ಅಂತಸ್ತು ಆ ಪಟ್ಟಿಯಲ್ಲಿರಲಿಲ್ಲ. ಮರುದಿನ ಹೆಂಡತಿಯ ಪಾರಣೆಯ ಊಟಕ್ಕೆ ಅವನೂ ಜೊತೆಯಲ್ಲಿ ಕುಳಿತನು. ಭವ್ಯರೆಲ್ಲರಿಗೂ ಅಂತಹ ಪಾರಣೆಯು ಲಭಿಸಲಿ.