ಅಂತರಂಗದ ಕುಲವಾಸನೆ

ಕುಲದಲ್ಲಿ ಮೇಲು ಕೀಳಿಲ್ಲವೆಂದು ನಾವು ನಿತ್ಯವೂ ನುಡಿಯುತ್ತೇವೆ. ಆದರೆ ಹೊಲದಲ್ಲಿ ದುಡಿದು ಬಂದ ಆಳು ನೀರು ಕೇಳಿದಾಗ ನಮ್ಮ ಕೈ ಯಾವ ಲೋಟವನ್ನು ಹುಡುಕುತ್ತದೆ? ಜಗಲಿಯ ಮೂಲೆಯಲ್ಲಿ ಬೇರೆಯಾಗಿ ಇರಿಸಿದ ಲೋಟವನ್ನೇ ಅರಸಿದರೆ, ನುಡಿಗೂ ನಡೆಗೂ ಸಂಬಂಧವೇ ಇಲ್ಲವಾಯಿತು. ಕೈಯನ್ನು ಹಾಗೆ ನಡೆಸಿದ್ದು ದ್ವೇಷವಲ್ಲ, ಎಳವೆಯಲ್ಲಿ ಕಂಡು ಕಲಿತ ರೂಢಿ. ಇಂಥದನ್ನೇ ಹಿರಿಯರು ವಾಸನೆಯೆಂದರು. ದ್ವೇಷವಾದರೆ ನಮಗೇ ತಿಳಿದೀತು; ರೂಢಿಯಾದರೋ ಸಹಜವೆಂದೇ ತೋರುತ್ತದೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಕಾಯಿದೆಯು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಬಾವಿ, ಗುಡಿ, ಹೋಟೆಲುಗಳ ಬಾಗಿಲು ತೆರೆಯಿಸಲು ಕಾಯಿದೆ ಬೇಕೇ ಬೇಕು. ಆದರೆ ಮನದೊಳಗಣ ಅಗುಳಿಯನ್ನು ತೆಗೆಯಬೇಕಾದವರು ನಾವೇ.

ಬಸವಣ್ಣನವರು ಹುಟ್ಟಿನಿಂದ ಬ್ರಾಹ್ಮಣರು, ಬಿಜ್ಜಳನ ಭಂಡಾರಿಗಳು. ಅಂಥವರು ಕೀಳೆನಿಸಿಕೊಂಡವರನ್ನು ಕರುಣೆಯಿಂದ ಮೇಲೆತ್ತುವೆನೆನ್ನಲಿಲ್ಲ. ಮಾದಾರ ಚೆನ್ನಯ್ಯನನ್ನು ತಂದೆಯೆಂದು ಕರೆದು, ತಾವೇ ಆ ಮನೆಯ ಮಗನಾದರು. ಕರುಣೆ ತೋರುವವನು ತನ್ನ ಎತ್ತರದ ಪೀಠವನ್ನು ಬಿಡಬೇಕಾಗಿಲ್ಲ. ಮಗನಾಗುವವನು ಅದರಿಂದ ಇಳಿಯಲೇಬೇಕು.

ಈ ವಾಸನೆ ತುಳಿಯಲ್ಪಟ್ಟವರ ಮನದಲ್ಲಿಯೂ ಬೇರೂರುತ್ತದೆ. ಸಮಗಾರ ಹರಳಯ್ಯನು ಶರಣೆಂದಾಗ ಬಸವಣ್ಣನವರು ಎರಡು ಬಾರಿ ಶರಣೆಂದರಂತೆ. ಆ ಹೆಚ್ಚಿನ ಗೌರವವನ್ನು ತೀರಿಸಲಾಗದ ಋಣವೆಂದು ಬಗೆದು, ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರೆಂದು ಪರಂಪರೆ ಹೇಳುತ್ತದೆ. ಅವರ ಭಕ್ತಿಗೆ ತಲೆಬಾಗೋಣ. ಜೊತೆಗೆ, ಒಂದು ನಮಸ್ಕಾರವೂ ಹೊರೆಯೆನಿಸುವಷ್ಟು ಅವಮಾನವನ್ನು ಲೋಕವು ಅವರಿಗೆ ಉಣಿಸಿತ್ತೆಂಬುದನ್ನೂ ನೆನೆಯೋಣ. ಇಂದಿಗೂ ಆಳು "ಇಲ್ಲೇ ಇರ್ತೀನಿ ಬುದ್ಧಿ" ಎಂದು ಹೊರಗೇ ನಿಂತರೆ, ಅವನೇ ಒಪ್ಪಿರುವನೆಂದು ಸಮಾಧಾನಪಡುವುದು ಸಲ್ಲದು. ಆ ಹಿಂಜರಿಕೆ ನಾವು ತಲೆಮಾರುಗಳಿಂದ ಕಲಿಸಿದ ಪಾಠ.

ಹಾಗಾದರೆ ಮಾಡತಕ್ಕದ್ದೇನು? ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದಾಗ ಆ ಕೈಯನ್ನೇ ಪ್ರಶ್ನಿಸೋಣ: ಇಂದು ಯಾರಿಗೆ ನೀರನ್ನು ಮೇಲಿನಿಂದ ಹೊಯ್ದೆ? ತಂದೆಯ ವಯಸ್ಸಿನ ಯಾರನ್ನು ಏಕವಚನದಲ್ಲಿ ಕೂಗಿದೆ? ಮಗಳಿಗೆ ವರನನ್ನು ನೋಡುವಾಗ ಗುಣಕ್ಕಿಂತ ಮೊದಲು ಏನನ್ನು ವಿಚಾರಿಸಿದೆ? ಉತ್ತರವು ನಾಚಿಕೆ ತಂದೀತು. ಆದರೆ ನಾಚಿ ಕುಳಿತರೆ ಸಾಲದು. ಮರುದಿನ ನಡೆಯು ಬದಲಾಗಬೇಕು. ಒಂದೇ ದಿನದಲ್ಲಿ ತೊಲಗುವ ವಾಸನೆಯಲ್ಲ ಇದು. ಪೂಜೆಯಂತೆ ಈ ಪರೀಕ್ಷೆಯೂ ನಿತ್ಯ ನಡೆಯಲಿ. ಮೂಲೆಯ ಆ ಲೋಟವು ನಾಳೆಯೇ ಒಳಗಿನ ಲೋಟಗಳೊಡನೆ ಸೇರಲಿ. ಮನೆಯ ಮಕ್ಕಳು ನೋಡುತ್ತಿರುತ್ತಾರೆ. ನಮ್ಮಂತೆ ಅವರೂ ಕಂಡುದನ್ನೇ ಕಲಿಯುತ್ತಾರೆ.